ಬಾಸ್ ಗಿಟಾರ್‌ಗೆ ಯಾವ ಮರ ಒಳ್ಳೇದು?

ಮನೆಯ ಸಣ್ಣ ವರ್ಕ್‌ಶಾಪ್‌ನಲ್ಲಿ ಎಲೆಕ್ಟ್ರಿಕ್ ಬಾಸ್ ಗಿಟಾರ್ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಮೊದಲ ಪ್ರಶ್ನೆ ಇದೇ: "ಯಾವ ಮರ ಹಾಕಿದ್ರೆ ಸೌಂಡ್ ಚೆನ್ನಾಗಿ ಬರುತ್ತೆ?" ಬಾಸ್ ನುಡಿಸುವವರೂ ಕೇಳುತ್ತಾರೆ, ಮರಗೆಲಸ ಬಲ್ಲವರೂ ಕೇಳುತ್ತಾರೆ. ಬಹುತೇಕ ಎಲ್ಲರ ಮನಸ್ಸಿನಲ್ಲಿರುವುದು ಬಾಡಿಯ, ಅಂದರೆ ಮೈಗೆ ಒರಗುವ ಅಗಲದ ಭಾಗದ ಮರ. ನನ್ನ ಉತ್ತರ ಹೀಗಿದೆ: ಬಾಡಿಗೆ ಚೆನ್ನಾಗಿ ಒಣಗಿದ, ಹಗುರವಾದ, ಸ್ಕ್ರೂವನ್ನು ಗಟ್ಟಿಯಾಗಿ ಹಿಡಿಯುವ ಯಾವ ಮರವಾದರೂ ನಡೆಯುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ನೆಕ್‌ಗೆ, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತಿಗೆ ಹಾಕುವ ಮರದ ಬಗ್ಗೆ.

ಈ ಪ್ರಶ್ನೆ ಯಾಕೆ ಹುಟ್ಟುತ್ತದೆ ಅಂತ ನನಗೆ ಅರ್ಥವಾಗುತ್ತದೆ. ನಾವು ನೋಡಿಕೊಂಡು ಬೆಳೆದ ವಾದ್ಯಗಳಲ್ಲಿ ಮರವೇ ಮಾತಾಡುತ್ತದೆ. ವೀಣೆಯ ಕೊಡ ನಡುಗಿ ಗಾಳಿಯನ್ನು ನಡುಗಿಸದಿದ್ದರೆ ನಮಗೆ ನಾದ ಕೇಳಿಸುವುದೇ ಇಲ್ಲ. ಎಲೆಕ್ಟ್ರಿಕ್ ಬಾಸ್ ಹಾಗಲ್ಲ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸುರುಳಿ. ಇದೇ ಪಿಕಪ್. ಅದಕ್ಕೆ ತಿಳಿಯುವುದು ಉಕ್ಕಿನ ತಂತಿಯ ಅಲುಗಾಟ ಮಾತ್ರ. ಮರದ ಪಾತ್ರ ಇರುವುದು ತಂತಿಯ ಕಂಪನದಲ್ಲಿ ತಾನು ಎಷ್ಟು ನುಂಗುತ್ತದೆ ಅನ್ನುವುದರಲ್ಲಿ. ಬಾಡಿ ದಪ್ಪ ಹಲಗೆ, ಅದು ನುಂಗುವುದು ಕಡಿಮೆ. ನೆಕ್ ತೆಳ್ಳಗಿನ, ಉದ್ದನೆಯ ಪಟ್ಟಿ. ನುಂಗುವುದೆಲ್ಲ ಅಲ್ಲೇ.

ಬಾಸ್ ಗಿಟಾರ್‌ನ ಇತಿಹಾಸ ನೋಡಿದರೂ ಇದು ಕಾಣುತ್ತದೆ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದಾಗ ಬಾಡಿ ಆಶ್ ಮರದ್ದು, ನೆಕ್ ಮೇಪಲ್‌ದು. 1958ರ ಡ್ಯಾನ್‌ಎಲೆಕ್ಟ್ರೋ ಲಾಂಗ್‌ಹಾರ್ನ್ ಬಾಸ್‌ಗೆ ಮರದ ಚೌಕಟ್ಟಿನ ಮೇಲೆ ಹಾರ್ಡ್‌ಬೋರ್ಡ್ ಹಾಕಿದ್ದರು. 1969ರಲ್ಲಿ ಆಂಪೆಗ್ ಕಂಪನಿಗಾಗಿ ಡ್ಯಾನ್ ಆರ್ಮ್‌ಸ್ಟ್ರಾಂಗ್ ಮಾಡಿದ ಬಾಸ್‌ನ ಬಾಡಿ ಪಾರದರ್ಶಕ ಅಕ್ರಿಲಿಕ್. 1980ರ ಹೊತ್ತಿಗೆ ನೆಡ್ ಸ್ಟೈನ್‌ಬರ್ಗರ್ ಮರವನ್ನೇ ಬಿಟ್ಟು ಕಾರ್ಬನ್ ಫೈಬರ್‌ನಲ್ಲಿ ಬಾಸ್ ಮಾಡಿದರು, ಅದಕ್ಕೆ ನೆಕ್ ತುದಿಯ ತಲೆಯೂ ಇರಲಿಲ್ಲ. ಇವನ್ನೆಲ್ಲ ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಹಾಗಂತ ಬಾಡಿಯ ಮರಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಅದು ತೂಕ ತೀರ್ಮಾನಿಸುತ್ತದೆ. ಆಲ್ಡರ್ ಮರದಲ್ಲಿ ಸಾಮಾನ್ಯ ಅಳತೆಯ ಬಾಡಿ ಸುಮಾರು 2 ಕೆಜಿ ಬರುತ್ತದೆ. ಅದೇ ಅಳತೆಯನ್ನು ತೇಗದಲ್ಲಿ ಮಾಡಿದರೆ 3 ಕೆಜಿ ಹತ್ತಿರ. ಬೀಟೆಯಲ್ಲಿ ಇನ್ನೂ ಜಾಸ್ತಿ. ಆರ್ಕೆಸ್ಟ್ರಾದಲ್ಲಿ ಸಂಜೆಯಿಂದ ಮಧ್ಯರಾತ್ರಿವರೆಗೆ ಬಾಸ್ ಹೆಗಲಿಗೆ ಹಾಕಿಕೊಂಡು ನಿಲ್ಲುವವರಿಗೆ ಆ ಒಂದು ಕೆಜಿ ಏನು ಅಂತ ಗೊತ್ತು. ಆದರೆ ಬಾಡಿ ಜಾಸ್ತಿ ಹಗುರವಾದರೆ ಇನ್ನೊಂದು ತೊಂದರೆ: ಕೈ ಬಿಟ್ಟ ತಕ್ಷಣ ನೆಕ್ ನೆಲದ ಕಡೆ ವಾಲುತ್ತದೆ. ಅದಕ್ಕೇ ಬಾಡಿಯ ಮೇಲಿನ ಕೊಂಬನ್ನು ಉದ್ದ ಬಿಟ್ಟು, ಬೆಲ್ಟಿನ ಗುಂಡಿ 12ನೇ ಫ್ರೆಟ್‌ನ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಮೆಟ್ಟಿನ) ನೇರಕ್ಕೆ ಬರುವಂತೆ ನೋಡಿಕೊಳ್ಳಬೇಕು. ನೆಕ್ ತುದಿಯಲ್ಲಿ ತಂತಿ ಬಿಗಿಯುವ ಟ್ಯೂನಿಂಗ್ ಕೀ ಹಗುರವಾದದ್ದು ಹಾಕಿದರೆ ಇನ್ನೂ ಒಳ್ಳೇದು. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಬಾಡಿಗೆ ಚೆನ್ನಾಗಿ ಒಪ್ಪುತ್ತದೆ. ಸರಿಯಾದ ಕಡೆಯಿಂದ ಸೀಳಿದರೆ ಅದರ ಮೈಮೇಲೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ, ಬಣ್ಣ ಹಚ್ಚಿ ಮುಚ್ಚಲು ಮನಸ್ಸೇ ಬರುವುದಿಲ್ಲ.

ಈಗ ನೆಕ್ ವಿಷಯಕ್ಕೆ ಬರೋಣ.

ಬಾಸ್‌ನ ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು, ಅಂದರೆ 863.6 ಮಿಮೀ. ನಾಲ್ಕು ತಂತಿಗಳನ್ನು ಸ್ವರಕ್ಕೆ ಬಿಗಿದಾಗ ಒಟ್ಟು ಎಳೆತ ಸುಮಾರು 75 ಕೆಜಿ. ಒಬ್ಬ ದೊಡ್ಡ ಮನುಷ್ಯನ ತೂಕ ಹಗಲೂ ರಾತ್ರಿ ಆ ಪಟ್ಟಿಯನ್ನು ಎಳೆಯುತ್ತಲೇ ಇರುತ್ತದೆ. ಅದನ್ನು ತಡೆಯಲು ಒಳಗೆ ಉಕ್ಕಿನ ಟ್ರಸ್ ರಾಡ್ ಹಾಕುತ್ತೇವೆ. ಆದರೆ ಟ್ರಸ್ ರಾಡ್ ಸರಿಪಡಿಸುವುದು ಉದ್ದಕ್ಕೆ ಬಾಗಿದ್ದನ್ನು ಮಾತ್ರ. ನೆಕ್ ಅಡ್ಡಕ್ಕೆ ತಿರುಚಿಕೊಂಡರೆ ಅದರಿಂದ ಏನೂ ಆಗುವುದಿಲ್ಲ. ತಿರುಚದ ಮರವನ್ನು ಮೊದಲೇ ಆರಿಸಿಕೊಳ್ಳಬೇಕು, ಅಷ್ಟೇ.

ಸೌಂಡ್ ವಿಷಯದಲ್ಲೂ ನೆಕ್‌ದೇ ಕಾರುಬಾರು. ಕೈಗೆ ಒಂದು ಬಾಸ್ ಸಿಕ್ಕರೆ ಹೀಗೆ ಮಾಡಿ ನೋಡಿ. ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯಲ್ಲಿ ಒಂದೊಂದೇ ಫ್ರೆಟ್ ಒತ್ತಿ, ಒಂದೇ ಬಲದಲ್ಲಿ ಮೀಟಿ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿ. ಬಹಳಷ್ಟು ಬಾಸ್‌ಗಳಲ್ಲಿ 5ರಿಂದ 7ನೇ ಫ್ರೆಟ್ ನಡುವೆ ಎಲ್ಲೋ ಒಂದು ಸ್ವರ ಬೇಗ ಸತ್ತುಹೋಗುತ್ತದೆ. ಇದಕ್ಕೆ ಡೆಡ್ ಸ್ಪಾಟ್ ಅನ್ನುತ್ತಾರೆ. 5ನೇ ಫ್ರೆಟ್‌ನ ಸ್ವರ ಸುಮಾರು 131 ಹರ್ಟ್ಜ್, 7ನೇದು 147. ನೆಕ್ ತನ್ನಷ್ಟಕ್ಕೆ ತಾನು ನಡುಗುವ ವೇಗವೂ ಈ ಆಸುಪಾಸಿನಲ್ಲೇ ಇದ್ದರೆ, ತಂತಿಯ ಶಕ್ತಿ ನೆಕ್‌ಗೆ ಹರಿದುಹೋಗುತ್ತದೆ. ಪಿಕಪ್‌ಗೆ ಏನೂ ಉಳಿಯುವುದಿಲ್ಲ. ಈಗ ಬಾಸ್‌ನ ತಲೆಗೆ ಒಂದು ಭಾರದ ಕ್ಲಾಂಪ್ ಸಿಕ್ಕಿಸಿ ಮತ್ತೆ ಮೀಟಿ. ಸತ್ತ ಸ್ವರ ಕೆಳಗಿನ ಫ್ರೆಟ್‌ಗೆ ಸರಿದಿರುತ್ತದೆ. ತಲೆ ಭಾರವಾದ್ದರಿಂದ ನೆಕ್ ನಡುಗುವ ವೇಗ ಕಡಿಮೆಯಾಯಿತು, ಅದಕ್ಕೇ. ಬಾಡಿ ಯಾವ ಮರದ್ದಾದರೂ ಈ ಆಟ ನಡೆಯುತ್ತದೆ.

ಹಾಗಾದರೆ ನೆಕ್ ಸುಲಭಕ್ಕೆ ಬಾಗದಂತೆ, ನಡುಗದಂತೆ ಬಿಗಿ ಮಾಡುವುದು ಹೇಗೆ? ಎಲ್ಲಕ್ಕಿಂತ ಸುಲಭದ ದಾರಿ ದಪ್ಪ. ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 20 ಮಿಮೀ ಇದ್ದ ನೆಕ್ ಅನ್ನು 22 ಮಿಮೀ ಮಾಡಿದರೆ ಬಿಗಿ ಸುಮಾರು ಶೇ 33 ಹೆಚ್ಚುತ್ತದೆ. ಆ 2 ಮಿಮೀ ಅಂಗೈಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಮರದ ಹೆಸರು ಬದಲಿಸಿ ಇಷ್ಟು ಲಾಭ ಪಡೆಯುವುದು ಕಷ್ಟ. ಇನ್ನೊಂದು ದಾರಿ, ಒಂದೇ ತುಂಡಿನ ಬದಲು ಮೂರೋ ಐದೋ ಪಟ್ಟಿ ಅಂಟಿಸುವುದು. ಒಂದು ಪಟ್ಟಿ ಈ ಕಡೆ ಬಾಗಲು ಹೊರಟರೆ ಪಕ್ಕದ್ದು ತಡೆಯುತ್ತದೆ. ನನಗೆ ಇಷ್ಟವಾದ ಜೋಡಿ ತೇಗ, ಬೀಟೆ, ತೇಗ. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಮೈಯನ್ನು ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಅಂಟಿಸಿಬಿಡಬೇಕು.

ಟಿಂಬರ್ ಡಿಪೋಗೆ ಹೋದಾಗ ಹಲಗೆಯ ಅಗಲ ನೋಡಬೇಡಿ, ತುದಿ ನೋಡಿ. ತೇಗದ ತುದಿಯಲ್ಲಿ ವರ್ಷದ ಬಳೆಗಳ ಗೆರೆ ಚೆನ್ನಾಗಿ ಕಾಣುತ್ತದೆ. ಧೂಳು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ಲೇಡಿನಿಂದ ಸ್ವಲ್ಪ ಕೆರೆದರೆ ಸಾಕು. ಗೆರೆಗಳು ನೆಟ್ಟಗೆ ನಿಂತಿದ್ದರೆ ಆ ತುಂಡು ನೆಕ್‌ಗೆ. ಮಲಗಿದ್ದರೆ ಅಥವಾ ಬಿಲ್ಲಿನ ಹಾಗೆ ಬಾಗಿದ್ದರೆ ಬಾಡಿಗೆ. ಆಮೇಲೆ ಪಕ್ಕಕ್ಕೆ ತಿರುಗಿಸಿ ಉದ್ದಕ್ಕೆ ನೋಡಿ. ನಾರು ಈ ತುದಿಯಿಂದ ಆ ತುದಿಗೆ ನೇರ ಹೋಗಬೇಕು, ನಡುವೆ ಮೈಯಿಂದ ಹೊರಗೆ ಓಡಬಾರದು. ಚೇಗು ಮಾತ್ರ ಬೇಕು, ಹೊರಗಿನ ಬಿಳಿ ಭಾಗ ಬೇಡ. ತೇವದ ಮೀಟರ್ ಶೇ 12ಕ್ಕಿಂತ ಜಾಸ್ತಿ ತೋರಿಸಿದರೆ ಮನೆಗೆ ತಂದು ಕಾಯಬೇಕು. ಹಳೇ ಮನೆ ಕೆಡವಿದಾಗ ಸಿಗುವ ಬಾಗಿಲು, ಕಿಟಕಿ, ತೊಲೆಗಳು ಇದಕ್ಕೆ ಬಂಗಾರ. ಎಷ್ಟೋ ದಶಕ ಮಳೆಗಾಲ, ಬೇಸಿಗೆ ನೋಡಿದ ಮರ ಅದು. ಮೊಳೆ ಹುಡುಕಿ ತೆಗೆದ ಮೇಲೆಯೇ ಗರಗಸಕ್ಕೆ ಕೊಡಿ. ಒರಟಾಗಿ ಸೀಳಿದ ಮೇಲೆ ಕೆಲವು ವಾರ ಸುಮ್ನೆ ಬಿಡಬೇಕು. ಒಳಗಿನ ಒತ್ತಡ ಬಿಟ್ಟು ಅದು ಎಷ್ಟು ಬಾಗಬೇಕೋ ಅಷ್ಟು ಬಾಗಲಿ, ಆಮೇಲೆ ನೇರ ಮಾಡಿಕೊಂಡರೆ ಆಯಿತು. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲ ಕಳೆಯುವವರೆಗೆ ಅಂತಿಮ ಅಳತೆಗೆ ಇಳಿಸದಿದ್ದರೆ ಒಳ್ಳೇದು.

ನೆಕ್ ಮೇಲೆ ಅಂಟಿಸುವ, ಫ್ರೆಟ್ ಕೂರುವ ತೆಳು ಹಲಗೆಯೇ ಫಿಂಗರ್‌ಬೋರ್ಡ್. ಅದಕ್ಕೆ ನಮ್ಮಲ್ಲಿ ಯೋಚನೆಯೇ ಬೇಡ, ಬೀಟೆ ಇದೆ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ ಪ್ರಪಂಚದ ಗಿಟಾರ್ ಕಂಪನಿಗಳು ಬಂದು ನಿಂತಿದ್ದು ನಮ್ಮ ಬೀಟೆಯ ಹತ್ತಿರ. 2017ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟೀಸ್ ಒಪ್ಪಂದದಡಿ ಬೀಟೆಯ ಇಡೀ ಕುಲದ ವ್ಯಾಪಾರಕ್ಕೆ ಕಟ್ಟುನಿಟ್ಟು ಬಂತು. 2019ರ ಕೊನೆಯಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈ ನಡುವೆ ಕೆಲವು ಕಂಪನಿಗಳು ಇಂಡಿಯನ್ ಲಾರೆಲ್ ಅನ್ನುವ ಮರಕ್ಕೆ ಹೋದವು. ಅದು ಬೇರೆ ಯಾವುದೂ ಅಲ್ಲ, ನಮ್ಮ ಮಲೆನಾಡಿನ ಮತ್ತಿ! ಬೀಟೆ ಕೊಳ್ಳುವಾಗ ಬಿಲ್ ಇರುವ ಕಡೆಯೇ ಕೊಳ್ಳಿ. ಅದರ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಮಾಸ್ಕ್ ಇಲ್ಲದೆ ಉಜ್ಜಲೇಬೇಡಿ.

ವೀಣೆಯ ಮೆಟ್ಟುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ಸರಿ ಬಾರದಿದ್ದರೆ ಮೇಣ ಬಿಸಿ ಮಾಡಿ ಮೆಟ್ಟನ್ನು ಸರಿಸಬಹುದು. ಬಾಸ್‌ನಲ್ಲಿ ಆ ಅವಕಾಶ ಇಲ್ಲ. ಗರಗಸ ಇಳಿದ ಜಾಗವೇ ಕೊನೆ. 34 ಇಂಚಿನ ಬಾಸ್‌ನಲ್ಲಿ ನಟ್‌ನಿಂದ (ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯಿಂದ) ಮೊದಲ ಫ್ರೆಟ್ 48.5 ಮಿಮೀ ದೂರ, 12ನೇದು ಸರಿಯಾಗಿ ಅರ್ಧಕ್ಕೆ, 431.8. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ ಸಣ್ಣ ತಪ್ಪುಗಳು ಸೇರುತ್ತಾ ಹೋಗುತ್ತವೆ. ಎಲ್ಲವನ್ನೂ ನಟ್‌ನಿಂದಲೇ ಅಳೆಯಬೇಕು.

ಫ್ರೆಟ್ ಬಡಿದು ಕೂರಿಸಿದ ಮೇಲಿನ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಪ್ರತಿ ಫ್ರೆಟ್‌ನ ನೆತ್ತಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಹಚ್ಚುತ್ತೇನೆ. ನೇರವಾದ ಅಲ್ಯೂಮಿನಿಯಂ ಪಟ್ಟಿಗೆ ಪಾಲಿಶ್ ಪೇಪರ್ ಅಂಟಿಸಿ, ಕೈ ಭಾರ ಹಾಕದೆ ಉದ್ದಕ್ಕೆ ಎಳೆಯುತ್ತೇನೆ. ಎತ್ತರದ ಫ್ರೆಟ್‌ಗಳ ಕಪ್ಪು ಮೊದಲು ಹೋಗಿ ಬೆಳ್ಳಿ ಗೆರೆ ಮೂಡುತ್ತದೆ. ತಗ್ಗಿನವು ಕಪ್ಪಾಗಿಯೇ ಉಳಿಯುತ್ತವೆ. ಎಲ್ಲದರ ಮೇಲೂ ಕೂದಲೆಳೆಯಷ್ಟು ಗೆರೆ ಮೂಡಿದ ಕ್ಷಣ ನಿಲ್ಲಿಸಬೇಕು. ಆಮೇಲೆ ಅರದಿಂದ ಒಂದೊಂದಕ್ಕೂ ಮತ್ತೆ ಉಬ್ಬು ಕೊಡುವುದು. ಇದು ಚೆನ್ನಾಗಿ ಆದರೆ 17ನೇ ಫ್ರೆಟ್ ಮೇಲೆ ತಂತಿಯನ್ನು 2 ಮಿಮೀಗೆ ಇಳಿಸಿದರೂ ಎಲ್ಲೂ ಕರಕರ ಅನ್ನುವುದಿಲ್ಲ. "ಈ ಬಾಸ್ ಎಷ್ಟು ಮೃದುವಾಗಿದೆ, ಯಾವ ಮರ?" ಅಂತ ನುಡಿಸಿದವರು ಕೇಳುವುದು ಈ ಕೆಲಸದಿಂದ.

ಇನ್ನು ಪಿಕಪ್. ಅದನ್ನು ಸ್ವಲ್ಪ ಆಚೀಚೆ ಸರಿಸಿದರೆ ಸೌಂಡ್ ಬದಲಾಗುವಷ್ಟು ಬಾಡಿಯ ಮರ ಬದಲಿಸಿದರೆ ಆಗುವುದಿಲ್ಲ. 1970ರ ದಶಕದಲ್ಲಿ ಫೆಂಡರ್ ಜಾಝ್ ಬಾಸ್‌ನ ಒಂದು ಪಿಕಪ್ ಅರ್ಧ ಇಂಚಿಗೂ ಕಡಿಮೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳ ತುದಿ ಹಿಡಿಯುವ ಭಾಗ) ಕಡೆ ಸರಿಯಿತು. ಆ ವ್ಯತ್ಯಾಸದ ಬಗ್ಗೆ ನುಡಿಸುವವರು ಇವತ್ತಿಗೂ ಮಾತಾಡುತ್ತಾರೆ. ನಮ್ಮ ಕಡೆ ಇನ್ನೊಂದು ವಿಷಯ ನೆನಪಿಡಬೇಕು. ಮನೆಯ ಕರೆಂಟು 50 ಹರ್ಟ್ಜ್. ದಪ್ಪ ಇ ತಂತಿಯ 3ನೇ ಫ್ರೆಟ್‌ನ ಸ್ವರ 49 ಹರ್ಟ್ಜ್. ಅಂದರೆ ಕರೆಂಟಿನ ಗುಂಯ್ ಸದ್ದು ಬಾಸ್‌ನ ಸ್ವರಗಳ ನಡುವೆಯೇ ಬಂದು ಕೂರುತ್ತದೆ, ಟೋನ್ ಗುಂಡಿ ತಿರುಗಿಸಿ ಅದನ್ನು ಕಳೆಯಲಾಗದು. ಬಾಡಿಯಲ್ಲಿ ಪಿಕಪ್, ವೈರ್ ಕೂರುವ ಗುಳಿಯ ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಟ್ಯೂಬ್‌ಲೈಟ್, ಡಿಮ್ಮರ್‌ಗಳ ಚರಚರ ಕಡಿಮೆಯಾಗುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಕಾಂತೀಯ ಗುಂಯ್ ಅದನ್ನು ದಾಟಿ ಬರುತ್ತದೆ. ಅದಕ್ಕೆ ಮದ್ದು ಎರಡು ಸುರುಳಿಯ ಪಿಕಪ್. ಪ್ರಿಸಿಷನ್ ಬಾಸ್‌ಗೆ 1957ರಲ್ಲಿ ಬಂದ ಎರಡು ತುಂಡಿನ ಪಿಕಪ್‌ನಲ್ಲಿ ಒಂದು ಸುರುಳಿ ಸುತ್ತಿರುವುದು ಒಂದು ದಿಕ್ಕಿಗೆ, ಇನ್ನೊಂದು ಉಲ್ಟಾ. ಅಯಸ್ಕಾಂತವೂ ಉಲ್ಟಾ. ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸದ್ದು ಉಳಿಯುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹಾಕಿ ಅನ್ನುತ್ತೇನೆ. ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಬಿಡಿಭಾಗ), ಕೆಪಾಸಿಟರ್, ವೈರ್ ಎಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. 250ಕೆ ಪಾಟ್ ಎರಡು, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಒಂದು ಜ್ಯಾಕ್. ಇಷ್ಟೇ ಸರ್ಕ್ಯೂಟ್.

ಇಷ್ಟು ಹೇಳಿದ ಮೇಲೂ ಕೆಲವರು ಕೇಳುತ್ತಾರೆ: "ನಮ್ಮ ತೋಟದ ಹಲಸಿನ ಮರ ಇದೆ, ಅದರಲ್ಲಿ ಮಾಡಬಹುದಲ್ವಾ?" ಖಂಡಿತ ಮಾಡಬಹುದು, ಮಾಡಿ. ವೀಣೆಗೆ, ಮೃದಂಗಕ್ಕೆ ಒಗ್ಗಿದ ಮರ ಅದು. ನೆಕ್‌ಗೆ ಬೇಡ, ಬಾಡಿಗೆ ಇರಲಿ. ಹೊಸದಾಗಿ ಕೊಯ್ದದ್ದಾದರೆ ಹಲಗೆಯ ತುದಿಗಳಿಗೆ ಪೇಂಟ್ ಬಳಿದು, ನಡುವೆ ಪಟ್ಟಿ ಕೊಟ್ಟು ನೆರಳಲ್ಲಿ ಜೋಡಿಸಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಲೆಕ್ಕ ಹಿಡಿಯಿರಿ. ಹಲಸು ಸ್ವಲ್ಪ ಭಾರ, ಆದ್ದರಿಂದ ಬಾಡಿಯ ಎರಡೂ ಬದಿಯ ರೆಕ್ಕೆಗಳ ಒಳಗೆ ಮರ ಕೊರೆಯುವ ರೂಟರ್ ಮೆಷಿನ್‌ನಿಂದ ಟೊಳ್ಳು ತೆಗೆದು ಮೇಲೆ ತೆಳು ಹಲಗೆ ಮುಚ್ಚಿ. ನೆಕ್ ಕೂರುವ ಜಾಗದಿಂದ ಬ್ರಿಡ್ಜ್‌ವರೆಗಿನ ನಡುಭಾಗವನ್ನು ಮಾತ್ರ ಗಟ್ಟಿಯಾಗಿಯೇ ಬಿಡಿ. 75 ಕೆಜಿ ಎಳೆತವನ್ನು ಹಿಡಿದುಕೊಳ್ಳುವ ಸ್ಕ್ರೂಗಳು ಅಲ್ಲೇ ಇಳಿಯಬೇಕು.