ಡಬ್ಬಿ ಮೇಲಿನ ಹೆಸರು ಬಿಡಿ, ಬಯಾಸ್ ಹೇಗೆ ಬರುತ್ತದೆ ಹೇಳಿ

ಕೈಯಲ್ಲಿ ಹಿಡಿದು ಆಡುವ ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ ತಗೋಬೇಕು, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಓಡುತ್ತದಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಒಂದು ಮಾತು ಕೇಳುತ್ತೇನೆ. ಓಡಿಸುವವರು ಯಾರು? ಮಾರಿದ ಕಂಪನಿಯವರಾ, ಇಲ್ಲಾ ಅದನ್ನೇ ದುಡ್ಡು ಕೊಟ್ಟು ಕೊಂಡ ಯಾರೋ ಪುಣ್ಯಾತ್ಮರಾ?

ಸ್ಟೀಮ್ ಡೆಕ್ ವಿಷಯದಲ್ಲಿ ಉತ್ತರ ಸಲೀಸು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ವಾಲ್ವ್ ಕಂಪನಿಯೇ ಈ ಹ್ಯಾಂಡ್‌ಹೆಲ್ಡ್ ಮಾಡಿತು, ಅದರಲ್ಲಿ ಓಡುವ ಲಿನಕ್ಸ್ ಆದ ಸ್ಟೀಮ್‌ಓಎಸ್ಸನ್ನೂ ಅದೇ ಮಾಡಿತು. ಹಾಗಂತ ಸುಮ್ನೆ ಒಂದೇ ಏಟಿಗೆ ಆದದ್ದಲ್ಲ. 2015ರಲ್ಲಿ ಬೇರೆ ಕಂಪನಿಗಳ ಜೊತೆ ಸೇರಿ ಸ್ಟೀಮ್ ಮಷಿನ್ ಅಂತ ಗೇಮಿಂಗ್ ಪಿಸಿ ತಂದು ಕೈ ಸುಟ್ಟುಕೊಂಡಿದ್ದರು. ಲಿನಕ್ಸಿನಲ್ಲಿ ಆಡಲು ಆಗ ಗೇಮ್‌ಗಳೇ ಕಮ್ಮಿ. 2018ರಲ್ಲಿ ಪ್ರೋಟಾನ್ ಬಂತು. ವಿಂಡೋಸ್‌ಗೆ ಬರೆದ ಗೇಮನ್ನು ಲಿನಕ್ಸ್ ಮೇಲೆ ಓಡಿಸುವ ಪದರ ಅದು, ಒಳಗಿರುವುದು ಅದೇ ಕೆಲಸದ ಹಳೇ ತಂತ್ರಾಂಶ ವೈನ್. ಡೆಕ್ ಜನರ ಕೈಗೆ ಬಂದದ್ದು 2022ರಲ್ಲಿ. ವಾಲ್ವ್ ಮೇಲೆ ನನಗೇನೂ ಭಕ್ತಿ ಇಲ್ಲ. ಅವರದೂ ಅಂಗಡಿಯೇ, ಗೇಮ್ ಮಾರೋದಕ್ಕೇ ಇದೆಲ್ಲ. ಆದರೆ ಅವರು ದುಡ್ಡು ಸುರಿದ ಕೆಲಸದಲ್ಲಿ ಬಹಳಷ್ಟು, ಯಾರು ಬೇಕಾದರೂ ಬಳಸಬಹುದಾದ ಮೆಸಾ ಎಂಬ ಲಿನಕ್ಸ್ ಗ್ರಾಫಿಕ್ಸ್ ಡ್ರೈವರ್‌ಗೆ ಹೋಗಿ ಸೇರಿತು. ನಾಳೆ ವಾಲ್ವ್ ಅಂಗಡಿ ಮುಚ್ಚಿದರೂ ಆ ಕೋಡ್ ಎಲ್ಲೂ ಹೋಗುವುದಿಲ್ಲ. ನನ್ನ ಆಫೀಸಿನ ಹಳೇ ಎಎಂಡಿ ಲ್ಯಾಪ್‌ಟಾಪ್‌ಗೂ ಅದರ ಫಲ ಸಿಕ್ಕಿದೆ.

ಕಷ್ಟ ಏನಂದ್ರೆ, ಡೆಕ್ಕನ್ನು ವಾಲ್ವ್ ಭಾರತದಲ್ಲಿ ಮಾರುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದರೆ ಹೊರಗಿಂದ ತರಿಸಿದ್ದು ಸಿಗುತ್ತದೆ. ‘ಶಾಪ್ ವಾರಂಟಿ ಇದೆ ಮೇಡಂ’ ಅಂತಾರೆ. ಅಂದರೆ ಆ ಅಂಗಡಿ ಇರೋವರೆಗೆ, ಆ ಮನುಷ್ಯ ಫೋನ್ ಎತ್ತೋವರೆಗೆ. ಅಲ್ಲಿ ರ‍್ಯಾಮ್, ಕೇಬಲ್ ಕಣ್ಣು ಮುಚ್ಚಿಕೊಂಡು ತರುತ್ತೇನೆ. ಅಷ್ಟು ದೊಡ್ಡ ಮೊತ್ತದ್ದಕ್ಕೆ ಮನಸ್ಸು ಬರಲಿಲ್ಲ.

ಹಾಗಾಗಿ ಇಲ್ಲೇ ಶೋರೂಮಿನಲ್ಲಿ ಬಿಲ್ಲು, ವಾರಂಟಿ ಎಲ್ಲ ಇರುವ, ವಿಂಡೋಸ್ ಹಾಕಿ ಮಾರುವ ಒಂದು ದೊಡ್ಡ ಬ್ರಾಂಡಿನ ಯಂತ್ರ ತಗೊಂಡೆ. ಹೆಸರು ಬೇಡ ಬಿಡಿ. 2023ರ ಜುಲೈಯಲ್ಲಿ ಆಸುಸ್‌ನ ಆರ್‌ಒಜಿ ಅಲೈ ₹69,990ಕ್ಕೆ ಇಲ್ಲಿ ಬಂದ ಮೇಲೆ ಈ ತರಹದವು ನಮ್ಮ ಅಂಗಡಿಗಳಲ್ಲಿ ಕಾಣತೊಡಗಿದವು. ಮನೆಗೆ ತಂದು ಬಝೈಟ್ ಎಂಬ ಲಿನಕ್ಸ್ ಹಾಕಿದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು, ನೋಡೋಕೆ ಸ್ಟೀಮ್‌ಓಎಸ್ ತರಹವೇ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ ಸೀಟು ಸಿಕ್ಕರೆ ಆಟ ಶುರು. ಜಯನಗರ ಬಂತು ಅಂದ್ರೆ ಪವರ್ ಬಟನ್ ಒತ್ತಿ ಬ್ಯಾಗಿಗೆ ಹಾಕುವುದು. ಸಂಜೆ ಮತ್ತೆ ಒತ್ತಿದರೆ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ನನಗೆ ಬೇಕಾಗಿದ್ದು ಇಷ್ಟೇ.

ಇದು ಹೀಗೆ ಸಲೀಸಾಗಿ ಓಡೋದಕ್ಕೆ ಎಷ್ಟು ಜನ ತಲೆ ಕೆಡಿಸಿಕೊಂಡಿದ್ದಾರೆ ಅಂತ ನೋಡಬೇಕಾದರೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಂದು ಫೈಲ್ ತೆಗೆದು ನೋಡಿ. ಹ್ಯಾಂಡ್‌ಹೆಲ್ಡ್‌ಗಳಲ್ಲಿ ಎಷ್ಟೋ ಪರದೆಗಳು ನಿಜಕ್ಕೂ ಮೊಬೈಲಿನಂತೆ ಉದ್ದುದ್ದ ಇರುವಂಥವು. ಅಡ್ಡ ಮಲಗಿಸಿ ಕೂರಿಸಿರುತ್ತಾರೆ. ಕರ್ನಲ್‌ಗೆ ಅದನ್ನು ಹೇಳದಿದ್ದರೆ ಬೂಟ್ ಆಗುವಾಗ ಅಕ್ಷರಗಳೆಲ್ಲ ಅಡ್ಡಡ್ಡ. ಯಾವ ಯಂತ್ರದ ಪರದೆ ಯಾವ ಕಡೆ ತಿರುಗಿದೆ ಅನ್ನೋದರ ಪಟ್ಟಿ ಆ ಫೈಲ್. ಅಯಾನಿಯೋ, ಜಿಪಿಡಿ, ಒನ್‌ಎಕ್ಸ್‌ಪ್ಲೇಯರ್, ಲೆನೊವೊ, ವಾಲ್ವ್ ಎಲ್ಲ ಅಲ್ಲಿದ್ದಾರೆ. ಯಂತ್ರವನ್ನು ಗುರುತಿಸುವುದು ಬಯಾಸ್‌ನಲ್ಲಿ, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಒಳಗಿನ ತಂತ್ರಾಂಶದಲ್ಲಿ, ಬರೆದ ಹೆಸರಿನಿಂದ. ಆದರೆ ಮೊದಲ ಜಿಪಿಡಿ ವಿನ್‌ನ ಬಯಾಸ್‌ನಲ್ಲಿ ಹೆಸರಿನ ಜಾಗದಲ್ಲಿ ‘ಡಿಫಾಲ್ಟ್ ಸ್ಟ್ರಿಂಗ್’ ಅಂತಷ್ಟೇ ಇತ್ತು. ತನ್ನ ಹೆಸರು ತುಂಬುವಷ್ಟು ವ್ಯವಧಾನವೂ ಕಂಪನಿಗೆ ಇರಲಿಲ್ಲ. ಹಾಗಾಗಿ ಕರ್ನಲ್‌ನವರು ಬಯಾಸ್ ತಾರೀಕುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಈ ತಾರೀಕು ಇದ್ದರೆ ಇದು ಅದೇ ಯಂತ್ರ ಅಂತ ಕಂಡುಹಿಡಿಯುವಂತೆ ಬರೆದರು. ಹೊಸ ಬಯಾಸ್ ಬಂದರೆ ಹೊಸ ತಾರೀಕು ಸೇರಿಸಬೇಕು. ಇದನ್ನು ಓದಿದಾಗ ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಬಟನ್ನುಗಳ ಕಥೆಯೂ ಇಷ್ಟೇ. ಕೆಲವು ಯಂತ್ರಗಳಲ್ಲಿ ಕಂಪನಿಯ ಲೋಗೋ ಇರುವ ಬಟನ್ ಒತ್ತಿದರೆ ಹೊರಡುವುದು ಕೀಬೋರ್ಡಿನ ಯಾವುದೋ ವಿಚಿತ್ರ ಶಾರ್ಟ್‌ಕಟ್. ವಿಂಡೋಸ್‌ನಲ್ಲಿ ಕಂಪನಿಯ ಆ್ಯಪ್ ಅದನ್ನು ಹಿಡಿದುಕೊಳ್ಳುತ್ತದೆ. ಲಿನಕ್ಸಿನಲ್ಲಿ ಆ ಕೆಲಸಕ್ಕೆ ಹ್ಯಾಂಡ್‌ಹೆಲ್ಡ್ ಡೀಮನ್, ಇನ್‌ಪುಟ್‌ಪ್ಲಂಬರ್ ಥರದ್ದನ್ನು ಬಳಕೆದಾರರೇ ಕೂತು ಬರೆದಿದ್ದಾರೆ. ಲಾಭ ಮಾತ್ರ ಬ್ರಾಂಡಿನ ಹೆಸರಿಗೆ.

ಬ್ರಾಂಡ್ ನಂಬಿಕೆ ಅನ್ನೋದರ ನಿಜವಾದ ಪರೀಕ್ಷೆ ನಡೆಯುವುದು ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ. ನನ್ನ ಯಂತ್ರದ ಎಡಗಡೆ ಸ್ಟಿಕ್ ತಾನೇ ತಾನಾಗಿ ಒಂದು ಕಡೆ ಎಳೆಯಲು ಶುರು ಮಾಡಿತು. ಶುದ್ಧ ಹಾರ್ಡ್‌ವೇರ್ ತೊಂದರೆ, ಅಲ್ವಾ? ಕೌಂಟರಿನ ಹುಡುಗ ಆನ್ ಮಾಡಿ ನೋಡಿದ. ‘ವಿಂಡೋಸ್ ಎಲ್ಲಿ ಮೇಡಂ?’ ತೆಗೆದಿದ್ದೀನಿ ಅಂದೆ. ‘ಹಾಗಾದ್ರೆ ಚೆಕ್ ಮಾಡೋಕಾಗಲ್ಲ, ಟೂಲ್ ಓಡಲ್ಲ’ ಅಂದ. ಮೊದಲೇ ಯಂತ್ರದ ಜೊತೆ ಬಂದಿದ್ದ, ವಿಂಡೋಸ್ ಇದ್ದ ಎಸ್‌ಎಸ್‌ಡಿಯನ್ನು (ಎಲ್ಲವನ್ನೂ ಉಳಿಸಿಡುವ ಡ್ರೈವ್) ನಾನು ಬಿಚ್ಚಿ ಡ್ರಾಯರಿನಲ್ಲಿ ಇಟ್ಟಿದ್ದೆ. 2230 ಸೈಜಿನದು, ಬೆರಳ ತುದಿಯಷ್ಟು. ಮನೆಗೆ ಬಂದು, ಹಿಂದಿನ ಸ್ಕ್ರೂ ಬಿಚ್ಚಿ, ಅದನ್ನೇ ಹಾಕಿಕೊಂಡು ಮತ್ತೆ ಹೋದೆ. ಈ ಸಲ ಆ ಹುಡುಗ ಮೊದಲು ನೋಡಿದ್ದು ಸ್ಕ್ರೂಗಳನ್ನು! ಆಮೇಲೆ ಸ್ಟಿಕ್ ಬದಲಾಯಿಸಿ ಕೊಟ್ಟರು, ಅದನ್ನೂ ಹೇಳಬೇಕು. ಹುಡುಗನ ತಪ್ಪೇನಿಲ್ಲ. ಅವನ ಕಂಪ್ಯೂಟರಿನಲ್ಲಿ ಬೇರೆ ದಾರಿಯೇ ಇರಲಿಲ್ಲ.

ಬಯಾಸ್ ವಿಷಯಕ್ಕೆ ಬರೋಣ. ನನ್ನ ಯಂತ್ರಕ್ಕೆ ಬಯಾಸ್ ಅಪ್‌ಡೇಟ್ ಬರುವುದು ವಿಂಡೋಸಿನಲ್ಲಿ ಓಡಿಸಬೇಕಾದ ಇಎಕ್ಸ್‌ಇ ಫೈಲಾಗಿ. ಮತ್ತೆ ಡ್ರಾಯರ್, ಮತ್ತೆ ಸ್ಕ್ರೂಡ್ರೈವರ್. ಲಿನಕ್ಸಿನಲ್ಲಿ ಇದಕ್ಕೆ ದಾರಿ ಇಲ್ಲದೇ ಏನಿಲ್ಲ. ಎಲ್‌ವಿಎಫ್‌ಎಸ್ ಅಂತ ಒಂದು ಜಾಗ ಇದೆ. ಕಂಪನಿಯವರು ಬಯಾಸ್ ಥರದ ಫರ್ಮ್‌ವೇರನ್ನು ಅಲ್ಲಿ ಏರಿಸಿದರೆ ಸಾಕು, ಲಿನಕ್ಸಿನಲ್ಲಿರುವ ಎಫ್‌ಡಬ್ಲ್ಯುಯುಪಿಡಿ ಎಂಬ ತಂತ್ರಾಂಶ ಮಿಕ್ಕಿದ್ದು ನೋಡಿಕೊಳ್ಳುತ್ತದೆ. ಆಫೀಸಿನಲ್ಲಿ ನಾನು ನೋಡಿಕೊಳ್ಳುವ ಥಿಂಕ್‌ಪ್ಯಾಡ್‌ಗಳಿಗೆ ಹಾಗೇ ಬರುತ್ತದೆ. ಅದಕ್ಕೇ ‘ಲಿನಕ್ಸ್ ಸಪೋರ್ಟ್ ಇದೆ’ ಅನ್ನುವ ಯಾವ ಹ್ಯಾಂಡ್‌ಹೆಲ್ಡ್ ಬಂದರೂ ನಾನು ಹುಡುಕುವುದು ಅದರ ಬಯಾಸ್ ಯಾವ ರೂಪದಲ್ಲಿ ಬರುತ್ತದೆ ಅಂತ. ಕೊನೇಪಕ್ಷ ಪೆನ್ ಡ್ರೈವ್‌ಗೆ ಹಾಕಿ ಬಯಾಸ್ ಪರದೆಯಿಂದಲೇ ಅಪ್‌ಡೇಟ್ ಮಾಡುವಂತಾದರೂ ಇರಬೇಕು.

2025ರ ಮೇ ತಿಂಗಳಲ್ಲಿ ಲೆನೊವೊ ಲೀಜನ್ ಗೋ ಎಸ್ ಅನ್ನು ಸ್ಟೀಮ್‌ಓಎಸ್ ಹಾಕಿಯೇ ಮಾರಲು ಶುರು ಮಾಡಿತು. ವಾಲ್ವ್ ಅಲ್ಲದ ಕಂಪನಿಯೊಂದು ಸ್ಟೀಮ್‌ಓಎಸ್ ಹಾಕಿದ ಹ್ಯಾಂಡ್‌ಹೆಲ್ಡ್ ಮಾರಿದ್ದು ಅದೇ ಮೊದಲು. ಅದೇ ಯಂತ್ರ ವಿಂಡೋಸ್ ಹಾಕಿಯೂ ಸಿಗುತ್ತದೆ. ಅಕ್ಕಪಕ್ಕ ಇಟ್ಟು ನೋಡಿದವರು ಎಷ್ಟೋ ಗೇಮ್‌ಗಳಲ್ಲಿ ಸ್ಟೀಮ್‌ಓಎಸ್‌ನದೇ ಕೈ ಮೇಲು ಅಂದರು. ನನಗೆ ಫ್ರೇಮ್ ರೇಟಿಗಿಂತ ಇನ್ನೊಂದು ಮುಖ್ಯ. ಹಾಗೆ ಮಾರಿದ ಮೇಲೆ ‘ಮೊದಲು ವಿಂಡೋಸ್ ಹಾಕ್ಕೊಂಡು ಬನ್ನಿ’ ಅನ್ನೋಕೆ ಅವರಿಗೆ ಬಾಯಿ ಬರಲ್ಲ.

ಮೊನ್ನೆ ಮೈದುನ ಫೋನ್ ಮಾಡಿ, ‘ಅತ್ತಿಗೆ, ನಂಗೂ ಒಂದು ಕೊಡಿಸಿ, ನಿಮ್ ತರ ಲಿನಕ್ಸ್ ಹಾಕಿ’ ಅಂದ. ಏನು ಆಡ್ತೀಯಪ್ಪಾ ಅಂದೆ. ವ್ಯಾಲರಂಟ್ ಅಂತೆ, ಜೊತೆಗೆ ಜಿಟಿಎ ಆನ್‌ಲೈನ್. ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ಅನ್ನುವ ಆ್ಯಂಟಿ-ಚೀಟ್, ಅಂದರೆ ಆಟದಲ್ಲಿ ಮೋಸ ಹಿಡಿಯುವ ತಂತ್ರಾಂಶ, ವಿಂಡೋಸ್ ಕರ್ನಲ್ ಒಳಗೇ ಕೂತು ಕಾವಲು ಕಾಯುತ್ತದೆ, ಲಿನಕ್ಸಿನಲ್ಲಿ ಆಟ ಓಡುವುದೇ ಇಲ್ಲ. ಜಿಟಿಎ ಆನ್‌ಲೈನ್ ಓಡುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಹೊಸ ಆ್ಯಂಟಿ-ಚೀಟ್ ಹಾಕಿ ಅದನ್ನೂ ಮುಚ್ಚಿಬಿಟ್ಟರು. ನೀನು ತೆಪ್ಪಗೆ ವಿಂಡೋಸ್‌ನದೇ ತಗೋ, ಅದರ ಎಸ್‌ಎಸ್‌ಡಿ ಮಾತ್ರ ಮುಟ್ಟಬೇಡ ಅಂದೆ.