ಅಂತರ್ಜಲ ಕಚೇರಿಯ ಇಂಟರ್ನ್‌ಶಿಪ್‌: ಅಂಕಿಯ ಪಕ್ಕದ ಷರಾ

ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿ ಬೇಸಿಗೆಯಲ್ಲಿ ಕೋಲಾರ ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ಇಂಟರ್ನ್‌ಶಿಪ್‌ ಮಾಡಿದೆ. ವೀಕ್ಷಣಾ ಬಾವಿಗಳ ನೀರಿನ ಮಟ್ಟ ಅಳೆಯುವ ಸಿಬ್ಬಂದಿಯ ಜೊತೆ ಹೋಗುವುದು, ಸಂಜೆ ಆ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸವಾಗಿತ್ತು. ಹೊರಗಿನವರಿಗೆ ಇದು ಬರಿಯ ಗುಮಾಸ್ತಿಕೆಯಾಗಿ ಕಾಣಬಹುದು. ಆದರೆ ವರ್ಷದಲ್ಲಿ ತೆಗೆಯಬಹುದಾದ ನೀರಿನ ಶೇ. 100ಕ್ಕಿಂತ ಹೆಚ್ಚನ್ನು ತೆಗೆಯುತ್ತಿರುವ ತಾಲ್ಲೂಕುಗಳನ್ನು ಅತಿಬಳಕೆಯ ವರ್ಗಕ್ಕೆ ಸೇರಿಸುವ ಲೆಕ್ಕಕ್ಕೆ ಈ ಅಳತೆಗಳೇ ಆಧಾರ.

ಕೊಳವೆಬಾವಿಯ ಕೇಸಿಂಗ್‌ ಪೈಪಿನೊಳಗೆ ಟೇಪನ್ನು ಇಳಿಬಿಟ್ಟಾಗ ಅದರ ತುದಿ ನೀರಿಗೆ ತಗುಲಿದೊಡನೆ ಬಜರ್‌ ಕೂಗುತ್ತದೆ. ಪೈಪಿನ ಒಳಮೈಯ ತೇವಕ್ಕೂ ಅದು ಕೂಗುವ ಸಂಭವವಿರುವುದರಿಂದ, ಟೇಪನ್ನು ಸ್ವಲ್ಪ ಎತ್ತಿ ಮತ್ತೆ ಇಳಿಸಿ, ಎರಡು ಸಲವೂ ಒಂದೇ ಅಳತೆ ಬಂದರೆ ಮಾತ್ರ ಬರೆದುಕೊಳ್ಳುತ್ತಿದ್ದರು. ನೆಲದ ಮೇಲೆ ಚಾಚಿಕೊಂಡಿರುವ ಪೈಪಿನ ಎತ್ತರವನ್ನೂ ಕಳೆಯಬೇಕು: ಟೇಪು 38.60 ಮೀಟರ್‌ ತೋರಿಸಿ, ಪೈಪು 0.45 ಮೀಟರ್‌ ಮೇಲಿದ್ದರೆ ನೀರಿರುವುದು ನೆಲಮಟ್ಟದಿಂದ 38.15 ಮೀಟರ್‌ ಕೆಳಗೆ.

ಇಷ್ಟನ್ನು ಪಠ್ಯಪುಸ್ತಕವೂ ಹೇಳುತ್ತದೆ. ಹಿರಿಯ ಸಿಬ್ಬಂದಿಯೊಬ್ಬರು ಕಲಿಸಿದ್ದು ಬೇರೆ. "ಮೊದಲು ಸುತ್ತಮುತ್ತ ಮೋಟರ್‌ ಓಡ್ತಾ ಇದೆಯಾ ಕೇಳಮ್ಮ, ಆಮೇಲೆ ಟೇಪು ಬಿಡೋಣ" ಎನ್ನುತ್ತಿದ್ದರು. ಗ್ರಾನೈಟ್‌ ಮತ್ತು ನೈಸ್‌ ಶಿಲೆಯ ಆ ಸೀಮೆಯಲ್ಲಿ ಆಳದ ನೀರು ಹರಿಯುವುದು ಬಿರುಕುಗಳ ಮೂಲಕ. ತ್ರೀ ಫೇಸ್‌ ಕರೆಂಟ್‌ ಬಂದು ಪಕ್ಕದ ತೋಟದ ಪಂಪು ಓಡತೊಡಗಿದರೆ ಅದೇ ಬಿರುಕಿಗೆ ತಗುಲಿಕೊಂಡ ನಮ್ಮ ಬಾವಿಯ ಮಟ್ಟವೂ ಕುಸಿಯುತ್ತದೆ. ಆದ್ದರಿಂದ ರೈತರನ್ನು ವಿಚಾರಿಸಿ, ಸಾಧ್ಯವಾದರೆ ಕಾದು, ಆಗದಿದ್ದರೆ ಷರಾ ಕಾಲಂನಲ್ಲಿ "ಪಕ್ಕದ ಪಂಪು ಚಾಲನೆಯಲ್ಲಿತ್ತು" ಎಂದು ಸಮಯಸಹಿತ ಬರೆಯುತ್ತಿದ್ದರು.

ಈ ಒಂದು ಸಾಲಿನ ಬೆಲೆ ನನಗೆ ತಿಳಿದದ್ದು ಲೆಕ್ಕಕ್ಕೆ ಕುಳಿತಾಗ. ಮುಂಗಾರಿಗೆ ಮೊದಲಿನ ಮತ್ತು ನಂತರದ ಮಟ್ಟಗಳ ವ್ಯತ್ಯಾಸವನ್ನು ವಿಸ್ತೀರ್ಣದಿಂದಲೂ ಶಿಲೆಯ ನೀರು ಬಿಟ್ಟುಕೊಡುವ ಪ್ರಮಾಣದಿಂದಲೂ ಗುಣಿಸಿ ಮರುಪೂರಣವನ್ನು, ಅಂದರೆ ನೆಲದೊಳಗೆ ಇಂಗಿ ಅಂತರ್ಜಲ ಸೇರಿದ ನೀರನ್ನು, ಅಂದಾಜು ಮಾಡುತ್ತಾರೆ. ಆ ಪ್ರಮಾಣವನ್ನು ಶೇ. 2 ಎಂದು ಹಿಡಿದರೂ, ಒಂದು ಮೀಟರ್‌ ವ್ಯತ್ಯಾಸವೆಂದರೆ ಹೆಕ್ಟೇರಿಗೆ 2 ಲಕ್ಷ ಲೀಟರ್‌. ಬೇಸಿಗೆಯಲ್ಲಿ ಪಂಪಿನಿಂದ ತಾತ್ಕಾಲಿಕವಾಗಿ ಕುಸಿದ ಮಟ್ಟವನ್ನೇ ಸಹಜವೆಂದು ನಂಬಿದರೆ, ಇಂಗದ ಮಳೆಯೂ ಇಂಗಿದಂತೆ ಕಾಣುತ್ತದೆ. ನೀರಿಗಾಗಿ ಸಾಲ ಮಾಡಿ ಬೋರ್‌ವೆಲ್‌ ಕೊರೆಸುವ ಜನರಿರುವ ಜಿಲ್ಲೆಯಲ್ಲಿ ಇಂಥ ಸುಳ್ಳು ಸಮಾಧಾನ ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ.

ಸರಾಸರಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ತುಂಬಿದ ಕೆರೆಯ ಅಂಚಿನ ಬಾವಿಯನ್ನೂ ಆ ನೀರು ತಲುಪದ ಊರಿನ ಬಾವಿಯನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಎರಡೂ ಊರುಗಳಿಗೆ ಹೊಂದುವುದಿಲ್ಲ. ಹೀಗಾಗಿ ನನ್ನ ವರದಿಯಲ್ಲಿ ಕೆರೆಯಿಂದ ಬಾವಿಗಿರುವ ದೂರವನ್ನು ಪ್ರತ್ಯೇಕ ಕಾಲಂ ಆಗಿ ಕೊಟ್ಟು, ಷರಾಗಳನ್ನು ಅನುಬಂಧಕ್ಕೆ ತಳ್ಳದೆ ಆಯಾ ಅಂಕಿಯ ಪಕ್ಕದಲ್ಲೇ ಉಳಿಸಿದೆ.