ಆ ಸಾಲು ಇನ್ನೂ ಮಾಸಿಲ್ಲ

ರಾತ್ರಿ ನಿದ್ದೆ ಬರದೆ ಸುಮ್ನೆ ಸಮುದ್ರದ ತಳದ ಫೋಟೋ ನೋಡುತ್ತಾ ಕೂತಿದ್ದೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದಾಚೆ ಪೆಸಿಫಿಕ್‌ನಲ್ಲಿ, 4,000 ಮೀಟರ್‌ಗೂ ಜಾಸ್ತಿ ಆಳದಲ್ಲಿ, 8 ಮೀಟರ್ ಅಗಲದ ನೇಗಿಲನ್ನು 78 ಸಲ ಎಳೆದಿದ್ದರು. ಅಲ್ಲಿ ತಳದಲ್ಲಿರುವ ಲೋಹದ ಉಂಡೆಗಳಿಗಾಗಿ ಗಣಿಗಾರಿಕೆ ನಡೆದರೆ ಏನಾಗುತ್ತದೆ ಅಂತ ನೋಡಲು. 2015ರಲ್ಲಿ ಮತ್ತೆ ಹೋದರೆ ಸಾಲುಗಳು ನಿನ್ನೆ ಉತ್ತ ಹಾಗೇ ಇವೆ! 26 ವರ್ಷ ಕಳೆದ ಮೇಲೂ. ನಮ್ಮೂರ ಹೊಲದಲ್ಲಾದರೆ ಎರಡು ಮಳೆ ಸಾಕು, ಸಾಲೂ ಇಲ್ಲ, ಬೇಡ ಅಂದರೂ ಕಳೆ ಬೇರೆ.

ಅಲ್ಲಿ ಸಾಲು ಮುಚ್ಚಲು ಮೇಲಿಂದ ಉದುರುವ ಹೂಳೇ ತೀರಾ ಕಮ್ಮಿ. ಸ್ಪಂಜು ಅನ್ನೋ ಸಮುದ್ರಜೀವಿಗಳು ಅಂಟಿಕೊಂಡು ಬದುಕುವ ಆ ಲೋಹದ ಉಂಡೆಗಳು ಬೆಳೆಯಲು ಲಕ್ಷಗಟ್ಟಲೆ ವರ್ಷ ಬೇಕು.

ನಾನೋ, ಯುಗಾದಿಗೆ ನೆಟ್ಟ ಕರಿಬೇವು ಇನ್ನೂ ಚಿಗುರಿಲ್ಲ ಅಂತ ದಿನಾ ಬೆಳಗ್ಗೆ ಗೊಣಗುತ್ತೇನೆ.